ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲವೇ? ಕಾರಣ ಹುಡುಕುವ ಸರಿಯಾದ ಕ್ರಮ

ಬಿಸಿ ಅಳೆಯುವ ಸೆನ್ಸರ್ ಬದಲಾಯಿಸಿದ್ದಾಯಿತು, ಮೀಟರ್ ಬಿಚ್ಚಿ ನೋಡಿದ್ದಾಯಿತು, ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ತಣಿಸುವ ದ್ರವ, ಅಂದರೆ ಕೂಲೆಂಟ್, ರೇಡಿಯೇಟರ್ ಮೂಲಕ ಸುತ್ತದಂತೆ ತಡೆಯುವ ವಾಲ್ವ್) ಕೂಡ ಹೊಸದು ಬಂತು. ಆದರೂ ಬಳ್ಳಾರಿ ದಾಟಿ ಹೊಸಪೇಟೆ ರಸ್ತೆಗೆ ಇಳಿದು ಹತ್ತು ಕಿಲೋಮೀಟರ್ ಓಡಿಸಿದರೆ ಮೀಟರಿನ ಮುಳ್ಳು ಮತ್ತೆ ಕೆಳಗೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಈ ದೂರು ಹೊಸದಲ್ಲ. ಹೆಚ್ಚಿನ ಸಲ ತಪ್ಪುವುದು ಬಿಡಿಭಾಗವಲ್ಲ, ಪರೀಕ್ಷೆಯ ಕ್ರಮ. ಮೊದಲು ಅಳೆಯಬೇಕಾದ್ದನ್ನು ಕೊನೆಗೆ ಅಳೆಯುತ್ತಾರೆ, ಕೊನೆಗೆ ಬಿಚ್ಚಬೇಕಾದ್ದನ್ನು ಮೊದಲೇ ಬಿಚ್ಚುತ್ತಾರೆ.

"ನಮ್ಮ ಕಡೆ ಬಿಸಿಲಿಗೆ ಎಂಜಿನ್ ತಣ್ಣಗಿದ್ದರೆ ಒಳ್ಳೇದೇ ಅಲ್ಲವೇ" ಎಂಬ ಮಾತನ್ನು ಮೊದಲು ಬದಿಗಿಡಿ. 65 ಡಿಗ್ರಿಯಲ್ಲೇ ಓಡುವ ಎಂಜಿನ್‌ಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಇಂಧನ ಕೊಡುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ಚೆನ್ನಾಗಿ ಕಾಯದಿದ್ದರೆ ಒಳಗಿನ ತೇವವೂ ಆವಿಯಾಗಿ ಹೊರಹೋಗುವುದಿಲ್ಲ. ಮೈಲೇಜ್ ಇಳಿಯುತ್ತದೆ, ಸೈಲೆನ್ಸರ್ ತುದಿಗೆ ಮಸಿ ಹಿಡಿಯುತ್ತದೆ. ಬಿಎಸ್6 ಡೀಸೆಲ್ ಗಾಡಿಯಲ್ಲಾದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನನ್ನು ತಾನು ಶುಚಿಮಾಡಿಕೊಳ್ಳುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಶುರುಮಾಡುವ ಮುನ್ನ: ಇಲ್ಲಿಯ ಗಾಡಿಗಳಲ್ಲಿ ಸಿಗುವ ಎರಡು ಕೈಚಳಕ

ಮೇ ತಿಂಗಳಲ್ಲಿ ಎಂಜಿನ್ ಕುದಿಯಿತೆಂದು ಗ್ಯಾರೇಜಿಗೆ ಹೋದ ಗಾಡಿಗೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಉಪಾಯ ಮಾಡುತ್ತಾರೆ. ಒಂದು, ಥರ್ಮೋಸ್ಟಾಟ್ ತೆಗೆದು ಎಸೆಯುವುದು, ಇಲ್ಲವೇ ಅದರ ನಡುವಿನ ವಾಲ್ವ್ ಒಡೆದು ಬರೀ ರಿಂಗನ್ನು ಪ್ಯಾಕಿಂಗ್ ಜೊತೆ ಕೂರಿಸುವುದು. ಇನ್ನೊಂದು, ರೇಡಿಯೇಟರ್ ಫ್ಯಾನಿಗೆ ಡೈರೆಕ್ಟ್ ವೈರ್ ಎಳೆದು, ಕೀ ಹಾಕಿದ ಕೂಡಲೇ ತಿರುಗುವಂತೆ ಮಾಡುವುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ.

ಥರ್ಮೋಸ್ಟಾಟ್ ತೆಗೆದರೆ ಗಾಡಿ ಕುದಿಯುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಅದರ ಹಿಂಬದಿಯ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿರುತ್ತದೆ. ಒಂದಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಹಾಗಾಗಿ ಅದೇ ಗಾಡಿ ಹೆದ್ದಾರಿಯಲ್ಲಿ 60 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಎಸಿ ಹಾಕಿದರೆ ಕುದಿಯುತ್ತದೆ. ಎರಡೂ ದೂರು ಒಂದೇ ಗಾಡಿಯಲ್ಲಿ ಕೇಳಿದರೆ ಮೊದಲ ಸಂಶಯ ಇದರ ಮೇಲಿರಲಿ.

ಬೇಕಾಗುವ ಸಾಮಾನು

ಇಸಿಯುವಿನ ಅಂಕಿ ಮತ್ತು ದೋಷದ ಕೋಡ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಇಎಲ್‌ಎಂ327 ಮಾದರಿಯದು ಸಾಕು) ಮತ್ತು ಫೋನಿನಲ್ಲಿ ಅದರ ಆ್ಯಪ್. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 ಕಡ್ಡಾಯವಾದ್ದರಿಂದ ಅದರ ನಂತರದ ಗಾಡಿಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇದರ ಜೊತೆ ಮಲ್ಟಿಮೀಟರ್, ಗುರಿ ಹಿಡಿದು ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಕಪ್ಪು ಇನ್ಸುಲೇಷನ್ ಟೇಪ್, 110 ಡಿಗ್ರಿವರೆಗೆ ತೋರಿಸುವ ಅಡುಗೆ ಥರ್ಮಾಮೀಟರ್, ಹಳೆಯ ಪಾತ್ರೆ, ದಾರ, 10 ಮತ್ತು 12 ನಂಬರ್ ಪಾನಾ, ಕ್ಲಾಂಪ್ ಬಿಚ್ಚಲು ಪ್ಲೈಯರ್, ಕೂಲೆಂಟ್ ಹಿಡಿಯಲು ಶುಭ್ರವಾದ ಟಬ್.

ಸ್ಕ್ಯಾನರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಡ್ಯಾಶ್‌ಬೋರ್ಡಿನ ಮುಳ್ಳು ನಿಜ ಹೇಳುವುದಿಲ್ಲ: ಎಷ್ಟೋ ಕಾರುಗಳಲ್ಲಿ ಕೂಲೆಂಟ್ 75 ಇರಲಿ, 105 ಇರಲಿ, ಮುಳ್ಳು ನಡುವಿನಿಂದ ಅಲುಗದಂತೆ ಅದನ್ನು ಹೊಂದಿಸಿರುತ್ತಾರೆ. ಮುಳ್ಳಿನ ಬದಲು ನೀಲಿ ದೀಪವಷ್ಟೇ ಇರುವ ಸಣ್ಣ ಕಾರುಗಳಲ್ಲಿ ಎಂಜಿನ್ ಪೂರ್ತಿ ಕಾಯುವ ಎಷ್ಟೋ ಮೊದಲೇ ದೀಪ ಆರಿಬಿಡುತ್ತದೆ. ದೀಪ ಆರಿತೆಂದರೆ ಥರ್ಮೋಸ್ಟಾಟ್ ಸರಿಯಿದೆ ಎಂದಲ್ಲ.

ಹಂತ 1: ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ

ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರ್ ಕ್ಯಾಪ್ ತೆರೆದು ಕೂಲೆಂಟ್ ಅಂಚಿನವರೆಗೆ ಇದೆಯೇ ನೋಡಿ. ಬರೀ ಪ್ಲಾಸ್ಟಿಕ್ ಬಾಟಲ್ ನೋಡಿ ತೃಪ್ತರಾಗಬೇಡಿ. ಕ್ಯಾಪ್ ಕೆಟ್ಟಿದ್ದರೆ ಬಾಟಲ್ ತುಂಬಿದ್ದೂ ರೇಡಿಯೇಟರ್ ಖಾಲಿಯಿರಬಹುದು. ಬಿಸಿ ಎಂಜಿನ್‌ನ ಕ್ಯಾಪನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡದಲ್ಲಿ ನೂರು ಡಿಗ್ರಿಯ ನೀರಿರುತ್ತದೆ; ಕೈ, ಮುಖ ಸುಟ್ಟು ಹೋಗುತ್ತದೆ.

ಈ ಹಂತ ಮೊದಲಿಗಿರಲು ಕಾರಣವಿದೆ. ಕೂಲೆಂಟ್ ಕಡಿಮೆಯಾದರೆ ಸೆನ್ಸರಿನ ತುದಿ ನೀರಿನಲ್ಲಿ ಮುಳುಗದೆ ಗಾಳಿಯಲ್ಲಿ ನಿಲ್ಲುತ್ತದೆ. ಎಂಜಿನ್ ಒಳಗೆ ಸುಡುತ್ತಿದ್ದರೂ ಮೀಟರ್ "ತಣ್ಣಗಿದೆ" ಎನ್ನುತ್ತದೆ. ಅದನ್ನು ನಂಬಿ ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡ್ ಆಗುತ್ತದೆ.

ಕೂಲೆಂಟಿನ ಬಣ್ಣವನ್ನೂ ಗಮನಿಸಿ. ಇಟ್ಟಿಗೆ ಬಣ್ಣವಿದ್ದರೆ ಒಳಗೆ ತುಕ್ಕು. ಕ್ಯಾಪಿನ ಸುತ್ತ ಬಿಳಿ ಹಕ್ಕಳೆ ಕಟ್ಟಿದ್ದರೆ ಬೋರಿನ ಸವಳು ನೀರು ಹಾಕಿದ ಗುರುತು. ಥರ್ಮೋಸ್ಟಾಟ್ ಅರ್ಧ ತೆರೆದು ಅಲ್ಲೇ ಸಿಕ್ಕಿಕೊಳ್ಳಲು ಇವೆರಡೂ ಸಾಕು.

ಹಂತ 2: ಸ್ಟಾರ್ಟ್ ಮಾಡದೆ ಎರಡು ಅಂಕಿ ಹೋಲಿಸಿ

ನೆರಳಲ್ಲಿ ಎಂಟು ಗಂಟೆ ನಿಂತ ಗಾಡಿಗೆ ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡಬೇಡಿ. ಸ್ಕ್ಯಾನರಿನಲ್ಲಿ ಕೂಲೆಂಟ್ ಉಷ್ಣತೆ ಮತ್ತು ಒಳಗೆಳೆಯುವ ಗಾಳಿಯ ಉಷ್ಣತೆ ನೋಡಿ. ಎರಡರ ನಡುವೆ 5 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಬೆಳಗಿನ ಬಿಸಿಲು ಬಾನೆಟ್ ಮೇಲೆ ಬಿದ್ದಿದ್ದರೆ ಈ ಹೋಲಿಕೆ ಕೆಡುತ್ತದೆ, ಆದ್ದರಿಂದ ಹೊತ್ತು ಮೂಡುವ ಮುಂಚೆ ನೋಡಿ.

ಕೂಲೆಂಟ್ ಮೈನಸ್ 40 ಎಂದು ತೋರಿಸಿದರೆ ಸೆನ್ಸರ್ ವೈರ್ ಕತ್ತರಿಸಿದೆ ಅಥವಾ ಪ್ಲಗ್ ಕಳಚಿದೆ. ಪಿ0118 ಕೋಡ್ ಜೊತೆಗಿರುತ್ತದೆ. 130ಕ್ಕಿಂತ ಮೇಲೆ ತೋರಿಸಿದರೆ ವೈರ್ ಶಾರ್ಟ್, ಆಗ ಪಿ0117. ಈ ಎರಡರಲ್ಲಿ ಒಂದು ಸಿಕ್ಕರೆ ನೇರ ಹಂತ 5ಕ್ಕೆ ಹೋಗಿ.

ಪಿ0128 ಎಂಬ ಕೋಡ್ ಎಂದರೆ ಕೂಲೆಂಟ್ ನಿರೀಕ್ಷಿಸಿದ ಹೊತ್ತಿನಲ್ಲಿ ಥರ್ಮೋಸ್ಟಾಟಿನ ಮಟ್ಟ ಮುಟ್ಟಲಿಲ್ಲ ಎಂದು. ಬಂದರೆ ಒಳ್ಳೆಯ ಸುಳಿವು. ಆದರೆ ಬಾರದಿದ್ದರೆ ಥರ್ಮೋಸ್ಟಾಟ್ ಸರಿಯಿದೆ ಎಂದು ತೀರ್ಮಾನಿಸಬೇಡಿ. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಇರುವಾಗ ಥರ್ಮೋಸ್ಟಾಟ್ ಇಲ್ಲದ ಎಂಜಿನ್ನೂ ಹೇಗೋ ಮೇಲೇರಿ ಇಸಿಯುವಿನ ಕಣ್ಣು ತಪ್ಪಿಸುತ್ತದೆ.

ಹಂತ 3: ಫ್ಯಾನ್ ಯಾವಾಗ ತಿರುಗುತ್ತದೆ?

ಎಸಿ ಆಫ್ ಮಾಡಿ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ. ಫ್ಯಾನ್ ನಿಂತಿರಬೇಕು. ಸಾಮಾನ್ಯವಾಗಿ 95ರಿಂದ 100 ಡಿಗ್ರಿಯ ನಡುವೆ ಚಾಲೂ ಆಗಿ, ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ಮೊದಲ ನಿಮಿಷದಿಂದಲೇ ತಿರುಗುತ್ತಿದ್ದರೆ ಡೈರೆಕ್ಟ್ ವೈರ್, ಅಂಟಿಕೊಂಡ ರಿಲೇ (ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್), ಅಥವಾ ಸೆನ್ಸರ್ ಕೆಟ್ಟಿದ್ದರಿಂದ ಇಸಿಯು ಮುನ್ನೆಚ್ಚರಿಕೆಗೆ ಓಡಿಸುತ್ತಿದೆ. ರಿಲೇ ಕಿತ್ತಾಗಲೂ ಫ್ಯಾನ್ ನಿಲ್ಲದಿದ್ದರೆ ಅದು ಡೈರೆಕ್ಟ್ ವೈರೇ.

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ: "ಫ್ಯಾನ್ ಸದಾ ತಿರುಗುತ್ತಿದೆ, ಅದಕ್ಕೇ ಎಂಜಿನ್ ತಣ್ಣಗಿದೆ" ಎಂದು ಫ್ಯಾನ್ ಸರಿಮಾಡಿಸಿ ಸುಮ್ಮನಾಗುತ್ತಾರೆ. ಥರ್ಮೋಸ್ಟಾಟ್ ಸರಿಯಿದ್ದರೆ ಫ್ಯಾನ್ ದಿನವಿಡೀ ತಿರುಗಿದರೂ ಎಂಜಿನ್ 80ಕ್ಕಿಂತ ಕೆಳಗಿಳಿಯಬಾರದು, ಏಕೆಂದರೆ ರೇಡಿಯೇಟರಿನ ತಣ್ಣನೆಯ ಕೂಲೆಂಟ್ ಎಂಜಿನ್ ಒಳಗೆ ಬರದಂತೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಫ್ಯಾನ್ ತಪ್ಪು ಸಿಕ್ಕರೂ ಮುಂದಿನ ಹಂತ ಬಿಡಬೇಡಿ. ಬೆಲ್ಟಿನಿಂದ ತಿರುಗುವ ಫ್ಯಾನ್ ಇರುವ ಹಳೆಯ ಜೀಪಿನಂಥ ಗಾಡಿಗಳಿಗೂ ಇದೇ ಮಾತು. ಅಲ್ಲಿ ಫ್ಯಾನಿನ ಕ್ಲಚ್ ಜಾಮ್ ಆಗಿದ್ದರೆ ವೇಗ ಹೆಚ್ಚಿದಂತೆ ಫ್ಯಾನ್ ಬಿರುಗಾಳಿಯಂತೆ ಸದ್ದು ಮಾಡುತ್ತದೆ.

ಹಂತ 4: ರಸ್ತೆಯ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಇದು, ಎಲ್ಲಕ್ಕಿಂತ ಹೆಚ್ಚು ಕೆಡಿಸುವುದೂ ಇದನ್ನೇ. ಮಧ್ಯಾಹ್ನ ಊರೊಳಗೆ ಸುತ್ತು ಹೊಡೆದು "90 ಬಂತು, ಸರಿಯಿದೆ" ಎನ್ನುತ್ತಾರೆ. 42 ಡಿಗ್ರಿ ಬಿಸಿಲಿನಲ್ಲಿ, ನಿಂತು ನಿಂತು ಓಡುವ ಗಾಡಿಯಲ್ಲಿ, ಥರ್ಮೋಸ್ಟಾಟ್ ಇಲ್ಲದ ಎಂಜಿನ್ನೂ 90 ಮುಟ್ಟುತ್ತದೆ. ದೋಷ ಕಾಣಬೇಕಾದರೆ ತಂಪು ಹೊತ್ತು ಮತ್ತು ಎದುರುಗಾಳಿ ಎರಡೂ ಬೇಕು. ಬೆಳಗ್ಗೆ ಆರರ ಸುಮಾರಿಗೆ, ಖಾಲಿ ರಸ್ತೆಯಲ್ಲಿ ಮಾಡಿ. ಡಿಸೆಂಬರ್, ಜನವರಿಯಾದರೆ ಇನ್ನೂ ಸ್ಪಷ್ಟ.

ರಸ್ತೆ ಸಮತಟ್ಟಾಗಿರಲಿ. ಸಿರುಗುಪ್ಪ, ಸಿಂಧನೂರು ಕಡೆಯ ಗದ್ದೆ ಬಯಲಿನ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಸಂಡೂರಿನ ಇಳಿಜಾರು ಬೇಡ: ಗೇರಿನಲ್ಲಿ ಇಳಿಯುವಾಗ ಇಂಧನವೇ ಕಟ್ಟಾಗುವುದರಿಂದ ಒಳ್ಳೆಯ ಎಂಜಿನ್ನೂ ಕೆಲವು ಡಿಗ್ರಿ ಇಳಿಯುತ್ತದೆ, ನೋಡಿ ಗಾಬರಿಯಾಗುತ್ತೀರಿ.

ಎಸಿ, ಹೀಟರ್ ಎರಡೂ ಆಫ್. ಪಕ್ಕದಲ್ಲಿ ಕೂತವರು ಫೋನ್ ನೋಡಿ ಎರಡು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಲಿ. ಓಡಿಸುವವರು ಫೋನ್ ಮುಟ್ಟಬಾರದು. 70ರಿಂದ 80 ಕಿಲೋಮೀಟರ್ ವೇಗದಲ್ಲಿ 15 ನಿಮಿಷ ಓಡಿಸಿ. ಆಮೇಲೆ ಬದಿಗೆ ನಿಲ್ಲಿಸಿ ಐದು ನಿಮಿಷ ಎಂಜಿನ್ ಚಾಲೂ ಇಟ್ಟು ನೋಡಿ. ಡೀಸೆಲ್ ಎಂಜಿನ್ ನಿಂತಲ್ಲೇ ಕಾಯಲು ಬಹಳ ಹೊತ್ತು ಬೇಕು. ಅದನ್ನು ಓಡಿಸಿಯೇ ನೋಡಬೇಕು.

ಓಡುವಾಗ 85ರಿಂದ 98ರ ನಡುವೆ ಸ್ಥಿರವಾಗಿ ನಿಂತರೆ ಸ್ಕ್ಯಾನರಿನ ಲೆಕ್ಕದಲ್ಲಿ ಎಂಜಿನ್ ಆರೋಗ್ಯವಾಗಿದೆ. ಮುಳ್ಳು ಮಾತ್ರ ಕೆಳಗಿದ್ದರೆ ತಪ್ಪು ಮೀಟರಿನದು, ಇಲ್ಲವೇ ಹಳೆಯ ಗಾಡಿಗಳಲ್ಲಿ ಮೀಟರಿಗೆಂದೇ ಇರುವ ಒಂದೇ ವೈರಿನ ಬೇರೆ ಸೆನ್ಸರಿನದು. ಓಡುವಾಗ 55ರಿಂದ 72ಕ್ಕೆ ಇಳಿದು, ನಿಂತಾಗ ಮೆಲ್ಲಗೆ ಏರಿ, ಮತ್ತೆ ಓಡಿದಾಗ ಇಳಿದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಅಥವಾ ಇಲ್ಲವೇ ಇಲ್ಲ. 75ರಿಂದ 80ರಲ್ಲೇ ನಿಂತುಬಿಟ್ಟರೆ ಸ್ಪ್ರಿಂಗ್ ಸೋತಿದೆ, ಅಥವಾ ಯಾರೋ ಕಡಿಮೆ ಡಿಗ್ರಿಯದನ್ನು ಹಾಕಿದ್ದಾರೆ. ಇನ್ನು ಅಂಕಿ ಒಂದೇ ಕ್ಷಣದಲ್ಲಿ 90ರಿಂದ 60ಕ್ಕೆ ಜಿಗಿದು ಮತ್ತೆ 90ಕ್ಕೆ ಬಂದರೆ ಅದು ನೀರಿನ ಲಕ್ಷಣವಲ್ಲ. ನಾಲ್ಕೈದು ಲೀಟರ್ ಕೂಲೆಂಟ್ ಹಾಗೆ ತಣ್ಣಗಾಗಲು ಸಾಧ್ಯವೇ ಇಲ್ಲ. ಸಡಿಲ ವೈರ್ ಅಥವಾ ಸೆನ್ಸರ್ ಬಳಿ ಗಾಳಿಗುಳ್ಳೆ ಹುಡುಕಿ.

ಹಂತ 5: ಸೆನ್ಸರ್ ಸುಳ್ಳು ಹೇಳುತ್ತಿದೆಯೇ?

ಥರ್ಮೋಸ್ಟಾಟ್ ಬಿಚ್ಚುವ ಮುನ್ನ ಇದನ್ನು ಖಚಿತ ಮಾಡಿಕೊಳ್ಳಬೇಕು. ಎಂಜಿನ್ ಕಾದ ಮೇಲೆ, ಸೆನ್ಸರ್ ಪಕ್ಕದ ಲೋಹದ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಅದಕ್ಕೆ ಗುರಿಯಿಡಿ. ಬರೀ ಹೊಳೆಯುವ ಅಲ್ಯೂಮಿನಿಯಂಗೆ ಹಿಡಿದರೆ ಅಂಕಿ ಎಷ್ಟೋ ಕಡಿಮೆ ಬರುತ್ತದೆ. ಎಂಜಿನ್ ತಣ್ಣಗಿದೆ ಎಂದು ಮೋಸಹೋಗುವುದು ಇಲ್ಲೇ. ಹೊರಮೈ ಒಳಗಿನ ಕೂಲೆಂಟಿಗಿಂತ 5ರಿಂದ 10 ಡಿಗ್ರಿ ಕಡಿಮೆ ಇರುವುದು ಸಹಜ. ಸ್ಕ್ಯಾನರ್ 65 ಎನ್ನುವಾಗ ಟೇಪ್ 85 ತೋರಿಸಿದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್ ಅಥವಾ ಅದರ ಪ್ಲಗ್.

ತಣ್ಣಗಿದ್ದಾಗ ಸರಿಯಾಗಿ ತೋರಿಸಿದ ಸೆನ್ಸರ್ ಬಿಸಿಯಾದಾಗ ತಪ್ಪುವುದು ಹೇಗೆ? ಈ ಸೆನ್ಸರಿನ ರೆಸಿಸ್ಟೆನ್ಸ್ ಬಿಸಿ ಏರಿದಂತೆ ಇಳಿಯುತ್ತದೆ. ಹಲವು ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2.5 ಕಿಲೋ ಓಮ್, 80 ಡಿಗ್ರಿಗೆ ಸುಮಾರು 320 ಓಮ್. ಪ್ಲಗ್ಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದು 200 ಓಮ್ ಹೆಚ್ಚಾಯಿತು ಎನ್ನಿ. ತಣ್ಣಗಿರುವಾಗ 2500ಕ್ಕೆ 200 ಸೇರಿದರೆ ಒಂದೆರಡು ಡಿಗ್ರಿಯ ವ್ಯತ್ಯಾಸ, ಯಾರಿಗೂ ಕಾಣದು. ಬಿಸಿಯಿರುವಾಗ 320ಕ್ಕೆ 200 ಸೇರಿದರೆ 80 ಡಿಗ್ರಿಯನ್ನು ಇಸಿಯು ಸುಮಾರು 65 ಎಂದು ಓದುತ್ತದೆ. ಹಂತ 2ರಲ್ಲಿ ಪಾಸಾದ ಸೆನ್ಸರನ್ನು ಇಲ್ಲಿ ಮತ್ತೆ ಪರೀಕ್ಷಿಸುವುದು ಇದಕ್ಕೇ. ಎಷ್ಟೋ ಸಲ ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೇ ಸಾಕಾಗುತ್ತದೆ.

ವೈರ್ ಪರೀಕ್ಷೆಗೆ ಎಂಜಿನ್ ನಿಲ್ಲಿಸಿ ಕೀ ಆನ್ ಇಡಿ. ಪ್ಲಗ್ ಕಳಚಿದರೆ ಸ್ಕ್ಯಾನರಿನಲ್ಲಿ ಮೈನಸ್ 40ರ ಸುಮಾರು ಬರಬೇಕು. ಎರಡು ವೈರ್ ಇರುವ ಪ್ಲಗ್ಗಿನ ಎರಡೂ ಪಿನ್ ಸಣ್ಣ ತಂತಿಯಿಂದ ಜೋಡಿಸಿದರೆ 120ಕ್ಕಿಂತ ಮೇಲೆ ಹೋಗಬೇಕು. ಎರಡೂ ಆದರೆ ವೈರ್ ಮತ್ತು ಇಸಿಯು ಸರಿ. ಹೀಗೆ ಮಾಡುವಾಗ ಫ್ಯಾನ್ ತಟ್ಟನೆ ಚಾಲೂ ಆಗಬಹುದು, ಬೆರಳು ದೂರವಿರಲಿ. ಕೂಲೆಂಟ್ ಸೆನ್ಸರಿನದೇ ಪ್ಲಗ್ ಎಂದು ಖಾತ್ರಿಯಿಲ್ಲದಿದ್ದರೆ ಪಿನ್ ಜೋಡಿಸುವ ಕೆಲಸ ಮಾಡಬೇಡಿ, ಇಸಿಯು ಸುಟ್ಟೀತು.

ಹಂತ 6: ಪೈಪು ಮುಟ್ಟಿ ನೋಡುವುದು

ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ, ಕೆಳಗಿನ ದಪ್ಪ ಪೈಪುಗಳನ್ನು ಆಗಾಗ ನೋಡುತ್ತಿರಿ. ಬಿಸಿಯಾದ ಮೇಲೆ ಕೈ ಬೇಡ, ಥರ್ಮಾಮೀಟರ್ ಸಾಕು. ಥರ್ಮೋಸ್ಟಾಟ್ ಮೇಲಿನ ಪೈಪಿನ ಬುಡದಲ್ಲಿದ್ದರೆ ಆ ಪೈಪು 80 ಡಿಗ್ರಿ ಬರುವವರೆಗೆ ಹೆಚ್ಚುಕಡಿಮೆ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಕೆಳಗಿನ ಪೈಪಿನ ಬುಡದಲ್ಲಿದ್ದರೆ ಮೇಲಿನದು ಬೆಚ್ಚಗಾಗುವುದು ಸಹಜ, ತಣ್ಣಗಿರಬೇಕಾದ್ದು ಕೆಳಗಿನದು. ಎಂಜಿನ್ ಜೊತೆಜೊತೆಗೇ ಮೊದಲಿನಿಂದ ಬೆಚ್ಚಗಾಗುತ್ತಾ ಬಂದರೆ ಬಾಗಿಲು ತೆರೆದಿದೆ.

ಹಂತ 7: ಥರ್ಮೋಸ್ಟಾಟ್ ಹೊರತೆಗೆದು ಬಿಸಿನೀರಿನಲ್ಲಿ ಪರೀಕ್ಷೆ

ಎಂಜಿನ್ ಪೂರ್ತಿ ಆರಿದ ಮೇಲೆ ಕೂಲೆಂಟನ್ನು ಟಬ್ಬಿಗೆ ಇಳಿಸಿ. ಅದು ವಿಷ, ರುಚಿ ಸಿಹಿ. ನಾಯಿ, ದನ ಕುಡಿದರೆ ಸಾಯುತ್ತವೆ. ಅಂಗಳದಲ್ಲಿ ತೆರೆದಿಡಬೇಡಿ, ಮೋರಿಗೆ ಚೆಲ್ಲಬೇಡಿ.

ಹೌಸಿಂಗಿನ (ಥರ್ಮೋಸ್ಟಾಟ್ ಮೇಲಿನ ಮುಚ್ಚಳದ) ಎರಡು ಮೂರು ಬೋಲ್ಟ್ ಬಿಚ್ಚಿ ಥರ್ಮೋಸ್ಟಾಟ್ ತೆಗೆಯುವ ಮುನ್ನ ಅದು ಕೂತ ರೀತಿಯ ಫೋಟೊ ತೆಗೆದುಕೊಳ್ಳಿ. ಖಾಲಿ ಜಾಗ ಅಥವಾ ಬರೀ ರಿಂಗ್ ಸಿಕ್ಕರೆ ಉತ್ತರ ಸಿಕ್ಕಿತು. ಇದ್ದರೆ ಬೆಳಕಿಗೆ ಹಿಡಿದು ನೋಡಿ: ತಣ್ಣಗಿರುವಾಗ ಸಣ್ಣ ಗಾಳಿರಂಧ್ರ ಬಿಟ್ಟು ಬೇರೆಲ್ಲೂ ಬೆಳಕು ಕಾಣಬಾರದು.

ಅದರ ಮೇಲೆ 82 ಅಥವಾ 88 ಎಂದು ಅಚ್ಚಾಗಿರುತ್ತದೆ. ತೆರೆಯಲು ಶುರುವಾಗುವ ಡಿಗ್ರಿ ಅದು. ದಾರದಲ್ಲಿ ತೂಗಿ, ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಡಿ. ಥರ್ಮಾಮೀಟರ್ ಪಕ್ಕದಲ್ಲೇ ಇರಲಿ. 70ರ ನಂತರ ಉರಿ ಸಣ್ಣ ಮಾಡಿ. ಅಚ್ಚಿನ ಅಂಕಿಗೆ ಎರಡು ಮೂರು ಡಿಗ್ರಿ ಆಚೀಚೆ ತೆರೆದರೆ ಸರಿ. 70ಕ್ಕೇ ಬಾಯಿಬಿಟ್ಟರೆ ಎಸೆಯಿರಿ. ಆರಿಸಿದಾಗ ಪೂರ್ತಿ ಮುಚ್ಚಿಕೊಳ್ಳುವುದನ್ನೂ ನೋಡಬೇಕು, ನಮ್ಮ ದೂರಿಗೆ ಅದೇ ಮುಖ್ಯ. 88ರದು ಪೂರ್ತಿ ತೆರೆಯಲು 100 ದಾಟಬೇಕು. ಬಳ್ಳಾರಿಯ ಎತ್ತರದಲ್ಲಿ ನೀರು 98ರ ಸುಮಾರಿಗೇ ಕುದಿಯುವುದರಿಂದ ಪಾತ್ರೆಯಲ್ಲಿ ಅದು ಪೂರ್ತಿ ತೆರೆಯದಿದ್ದರೆ ತಪ್ಪಲ್ಲ.

ಹೊಸದನ್ನೂ ಕೂರಿಸುವ ಮುನ್ನ ಇದೇ ಪಾತ್ರೆಯಲ್ಲಿ ಪರೀಕ್ಷಿಸಿ. "ಹೊಸದು ಹಾಕಿದರೂ ಸರಿಯಾಗಲಿಲ್ಲ" ಎನ್ನುವವರಲ್ಲಿ ಹಲವರು ಕೊಂಡದ್ದು ನಕಲಿ ಅಥವಾ ಬೇರೆ ಡಿಗ್ರಿಯದು.

ಹಂತ 8: ಹೊಸದನ್ನು ಕೂರಿಸುವುದು

ಇಲ್ಲದಿದ್ದ ಥರ್ಮೋಸ್ಟಾಟನ್ನು ಮತ್ತೆ ಹಾಕುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹಿಂದಿನವರು ಏಕೆ ತೆಗೆದರು? ಗಾಡಿ ಕುದಿಯುತ್ತಿದ್ದರಿಂದ ತೆಗೆದಿರುತ್ತಾರೆ. ಆ ಮೂಲ ಕಾರಣ, ಅಂದರೆ ಕಟ್ಟಿಕೊಂಡ ರೇಡಿಯೇಟರ್, ಸೋತ ಫ್ಯಾನ್ ಮೋಟಾರ್, ಸೋರುವ ಕ್ಯಾಪ್, ಕೆಲವೊಮ್ಮೆ ಕೆಟ್ಟ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಪ್ಯಾಕಿಂಗ್), ಇನ್ನೂ ಅಲ್ಲೇ ಇರಬಹುದು. ರೇಡಿಯೇಟರ್ ತೊಳೆಸದೆ, ಫ್ಯಾನ್ ನೋಡದೆ ಥರ್ಮೋಸ್ಟಾಟ್ ಮಾತ್ರ ಹಾಕಿದರೆ ಏಪ್ರಿಲ್‌ನಲ್ಲಿ ಮತ್ತೆ ಅದೇ ಗೋಳು.

ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ, ಗಾಳಿರಂಧ್ರದ ಸಣ್ಣ ಪಿನ್ ಮೇಲಕ್ಕೆ. ರಬ್ಬರ್ ಸೀಲ್ ಹೊಸದೇ ಇರಲಿ. ಹೌಸಿಂಗಿನ ಹಕ್ಕಳೆಯನ್ನು ಮರದ ಚಕ್ಕೆಯಿಂದ ಕೆರೆಯಿರಿ. ಅರ ಹಾಕಿದರೆ ಗೀರು ಬಿದ್ದು ಸೋರುತ್ತದೆ. ಬೋಲ್ಟುಗಳನ್ನು ಸಣ್ಣ ಪಾನಾದಿಂದ, ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸುಮಾರು ಸಾಕು. ಬಲ ಹಾಕಿದರೆ ಅಲ್ಯೂಮಿನಿಯಂನ ಥ್ರೆಡ್ ಕಿತ್ತುಬರುತ್ತದೆ.

ಹಂತ 9: ಕೂಲೆಂಟ್ ತುಂಬಿ ಗಾಳಿ ತೆಗೆಯುವುದು

ಕಾನ್ಸಂಟ್ರೇಟ್ ಕೂಲೆಂಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ರೆಡಿ ಮಿಕ್ಸ್‌ಗೆ ನೀರು ಸೇರಿಸಬಾರದು. ಬೋರ್ ನೀರು ಯಾವುದಕ್ಕೂ ಬೇಡ. ಸಣ್ಣ ಕಾರಿಗೆ ಸಾಮಾನ್ಯವಾಗಿ 4ರಿಂದ 6 ಲೀಟರ್ ಹಿಡಿಸುತ್ತದೆ. ಇಳಿಸಿದ್ದನ್ನು ಅಳೆದಿಟ್ಟುಕೊಂಡಿದ್ದರೆ ಎಷ್ಟು ಹೋಗಬೇಕೆಂದು ತಿಳಿಯುತ್ತದೆ.

ಗಾಡಿಯ ಮೂತಿ ಸ್ವಲ್ಪ ಎತ್ತರವಿರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ತುಂಬಿ. ಸ್ಟಾರ್ಟ್ ಮಾಡಿ ಗುಳ್ಳೆ ಬರುವುದು ನಿಲ್ಲುವವರೆಗೆ ಕಾದು ಕ್ಯಾಪ್ ಮುಚ್ಚಿ, ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವವರೆಗೆ ಬಿಡಿ. ಹೀಟರಿನಿಂದ ಸುಡುವಂಥ ಗಾಳಿ ಬರಬೇಕು. ಎಂಜಿನ್ 90 ತೋರಿಸುವಾಗ ಹೀಟರ್ ಗಾಳಿ ತಣ್ಣಗಿದ್ದರೆ ಒಳಗೆ ಇನ್ನೂ ಗಾಳಿಯಿದೆ.

ತಕ್ಷಣ ಗಾಡಿ ನಿಲ್ಲಿಸಬೇಕಾದ ಸಂದರ್ಭಗಳು

ನಡುವೆಯಿದ್ದ ಮುಳ್ಳು ಓಡುತ್ತಿರುವಾಗಲೇ ದಿಢೀರನೆ ಕೆಳಗೆ ಬಿದ್ದು, ಹೀಟರ್ ಗಾಳಿಯೂ ತಣ್ಣಗಾಗಿ, ಸಿಹಿ ವಾಸನೆ ಬಂದರೆ ಕೂಲೆಂಟ್ ಖಾಲಿಯಾಗಿದೆ. ಅದು ತಂಪಲ್ಲ, ಸುಡುವ ಎಂಜಿನ್. ಎಂಜಿನ್ ಬಂದ್ ಮಾಡಿ, ಟೋ ಮಾಡಿಸಿ.

ಆಯಿಲ್ ಕ್ಯಾಪಿನ ಒಳಗೆ ಮಾತ್ರ ಮಜ್ಜಿಗೆ ಬಣ್ಣದ ನೊರೆ ಇದ್ದರೆ ಬಹುತೇಕ ಅದು ಎಂಜಿನ್ ಕಾಯದೆ ಉಳಿದ ತೇವ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಕಂಡರೆ ಕೂಲೆಂಟ್ ಆಯಿಲ್‌ಗೆ ಸೇರುತ್ತಿದೆ, ಓಡಿಸಬೇಡಿ.

ಹಂತ 10: ಖಾತ್ರಿ

ಮರುದಿನ ತಣ್ಣನೆ ಎಂಜಿನ್‌ನಲ್ಲಿ ಕೂಲೆಂಟ್ ಮಟ್ಟ ನೋಡಿ, ಇಳಿದಿದ್ದರೆ ತುಂಬಿ. ಹಳೆಯ ಕೋಡ್ ಅಳಿಸಿ. ಹಂತ 4ರ ಅದೇ ರಸ್ತೆ, ಅದೇ ಹೊತ್ತು, ಅದೇ ವೇಗದಲ್ಲಿ ಮತ್ತೆ ಓಡಿಸಿ ಎರಡೂ ಚೀಟಿ ಹೋಲಿಸಿ. 82ರ ಥರ್ಮೋಸ್ಟಾಟ್ ಇದ್ದರೆ ಹೆದ್ದಾರಿಯಲ್ಲಿ 80ಕ್ಕಿಂತ ಕೆಳಗೆ ಇಳಿಯಬಾರದು. ಫ್ಯಾನಿನ ಡೈರೆಕ್ಟ್ ವೈರ್ ಕಿತ್ತು, ರಿಲೇ ಮೂಲಕವೇ ಓಡುವಂತೆ ಮಾಡಿಸಿದ ಮೇಲೆ ಒಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ, ಎಸಿ ಹಾಕಿ, ನಿಂತಲ್ಲೇ ಇಪ್ಪತ್ತು ನಿಮಿಷ ಚಾಲೂ ಇಟ್ಟು 105 ದಾಟದಿರುವುದನ್ನೂ ನೋಡಿಕೊಳ್ಳಿ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತು ದಾಟಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್, ಫಿಲ್ಟರ್ ಎರಡನ್ನೂ ಈಗಲೇ ಬದಲಿಸಿ. ಮೊದಲ ವಾರ ದಿನಾ ಬೆಳಗ್ಗೆ ಹೌಸಿಂಗಿನ ಸುತ್ತ ಬೆರಳಾಡಿಸಿ ಒದ್ದೆಯಿದೆಯೇ ನೋಡುತ್ತಿರಿ.